ಮಗ ಹೊಡೆಯೋದನ್ನ ಎಲ್ಲಿ ಕಲಿತ?

ಪ್ರಶ್ನೆ: ನಾಲ್ಕು ವರ್ಷದ ಮಗ ಶಿಶುವಿಹಾರದಲ್ಲಿ ಪಕ್ಕದ ಮಕ್ಕಳಿಗೆ ಹೊಡೀತಾನೆ. ಕೈ ಎತ್ತಿ "ಒಂದ್ ಬಿಟ್ರೆ ನೋಡು" ಅಂತಾನಂತೆ. ಮನೇಲಿ ಯಾರೂ ಅವನ ಮೈಮೇಲೆ ಕೈ ಮಾಡಿಲ್ಲ. ಅತ್ತೆ "ಎರಡು ಕೊಟ್ಟು ಬಿಡಿಸು" ಅಂತಾರೆ. ನೀವೇನು ಮಾಡಿದ್ರಿ?

ತುಮಕೂರಿನ ಅಜ್ಜಿ: ಮಗು ಹೊಸಿಲು ಎಡವಿ ಬಿದ್ದಾಗ ನಿಮ್ಮನೇಲಿ ಏನು ಮಾಡ್ತೀರಮ್ಮ? ನಮ್ಮ ಕಡೆ ಎಲ್ಲರೂ ಓಡಿಬಂದು ಹೊಸಿಲಿಗೆ ಪಟಪಟ ಬಡಿದು, "ನಮ್ಮ ಪುಟ್ಟುನ ಬೀಳಿಸ್ತೀಯಾ? ತಗೋ!" ಅಂತಾರೆ. ಅಳು ನಿಲ್ಲುತ್ತೆ, ನಿಜ. ನೋವಾದ್ರೆ ಯಾರಿಗಾದ್ರೂ ಬಾರಿಸಬೇಕು ಅನ್ನೋ ಪಾಠಾನೂ ಅಲ್ಲೇ ಆಗುತ್ತೆ.

ಧಾರವಾಡದ ಮನಃಶಾಸ್ತ್ರ ಉಪನ್ಯಾಸಕ: ಮಗುವಿಗೆ ಪೆಟ್ಟು ಬೀಳಬೇಕಂತಿಲ್ಲ ನೋಡ್ರಿ, ಪೆಟ್ಟು ಕಣ್ಣಿಗೆ ಬಿದ್ದರೂ ಸಾಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದರು. ಅಲ್ಲಿನ ಶಿಶುವಿಹಾರದ 72 ಮಕ್ಕಳಲ್ಲಿ 24 ಮಂದಿಯ ಎದುರು ದೊಡ್ಡವರೊಬ್ಬರು ಗಾಳಿ ತುಂಬಿದ ಬೋಬೋ ಗೊಂಬೆಯನ್ನು ಕೆಡವಿ, ಮೇಲೆ ಕೂತು ಮೂಗಿಗೆ ಗುದ್ದಿದರು, ಮರದ ಸುತ್ತಿಗೆಯಿಂದ ಬಡಿದರು, ಒದ್ದರು, ಬಾಯಲ್ಲಿ "ಗುದ್ದು ಮೂಗಿಗೆ" ಅಂತಿದ್ದರು. ಆಮೇಲೆ ಒಳ್ಳೆಯ ಆಟಿಕೆ ಕೊಟ್ಟು ಕಿತ್ತುಕೊಂಡು ಮಕ್ಕಳನ್ನು ಕೊಂಚ ರೇಗಿಸಿ, ಗೊಂಬೆಯಿದ್ದ ಬೇರೆ ಕೋಣೆಗೆ ಬಿಟ್ಟರು. ಹೊಡೆದು ತೋರಿಸಿದವರು ಅಲ್ಲಿರಲಿಲ್ಲ. ಆದರೂ ಎಷ್ಟೋ ಮಕ್ಕಳು ಅದೇ ಸುತ್ತಿಗೆ, ಅದೇ ಗುದ್ದು, ಅದೇ ಮಾತು! ಶಾಂತವಾಗಿ ಆಡುತ್ತಿದ್ದ ದೊಡ್ಡವರನ್ನು ನೋಡಿದ ಮಕ್ಕಳಲ್ಲಿ ಅದು ತೀರಾ ಕಡಿಮೆ.

ನಿಮ್ಮ ಅತ್ತೆಯವರಿಗೆ ಹೇಳಬೇಕಾದ್ದು ಬಂಡೂರ 1965ರಲ್ಲಿ ಪ್ರಕಟಿಸಿದ್ದು. ಈ ಸಲ ಸಿನಿಮಾ ತೋರಿಸಿದರು. ಕೆಲವರು ನೋಡಿದ್ದರಲ್ಲಿ ಗೊಂಬೆಗೆ ಹೊಡೆದವನಿಗೆ ಶಿಕ್ಷೆಯಾಗುತ್ತದೆ. ಆ ಮಕ್ಕಳು ಅನುಕರಿಸಿದ್ದು ಕಡಿಮೆ. ಆದರೆ "ನೋಡಿದ್ದನ್ನ ಮಾಡಿ ತೋರಿಸಿದರೆ ಹಣ್ಣಿನ ರಸ, ಸ್ಟಿಕ್ಕರ್ ಕೊಡ್ತೀವಿ" ಅಂದಾಗ ಉಳಿದ ಮಕ್ಕಳಷ್ಟೇ ಚೆನ್ನಾಗಿ ಮಾಡಿ ತೋರಿಸಿದರು! ಅಂದರೆ ಭಯಕ್ಕೆ ಕೈ ತಡೆದಿತ್ತು, ಕಲಿಯೋದಂತೂ ಆಗಿಹೋಗಿತ್ತು. ನೀವು ಎರಡು ಕೊಟ್ಟರೆ ನಿಮ್ಮೆದುರು ಸುಮ್ಮನಾಗ್ತಾನೆ, ಜೊತೆಗೆ ಇನ್ನೊಂದು ಪಟ್ಟು ನಿಮ್ಮಿಂದಲೇ ಕಲೀತಾನೆ.

ಮೈಸೂರಿನ ಓದುಗ: ಬೋಬೋ ಗೊಂಬೆ ಇರೋದೇ ಗುದ್ದೋಕಲ್ವಾ ಸಾರ್? ಬಿದ್ದರೆ ಎದ್ದು ನಿಲ್ಲುತ್ತೆ. ಅದನ್ನ ಗುದ್ದಿದವ ತಮ್ಮನಿಗೂ ಗುದ್ದುತಾನಾ?

ಧಾರವಾಡದ ಉಪನ್ಯಾಸಕ: ನ್ಯಾಯವಾದ ಆಕ್ಷೇಪ, ವಿಮರ್ಶಕರೂ ಹೇಳಿದ್ದಾರೆ. ಪ್ರಯೋಗದಿಂದ ಅಷ್ಟು ದೂರ ಹೋಗಲಾಗದು. ಆದರೆ ಗುದ್ದೋದು ಸಹಜ ಅಂದುಕೊಂಡರೂ, ಆ ಮಾತು, ಆ ಸುತ್ತಿಗೆಯ ವರಸೆ ತಾನಾಗಿ ಬರಲ್ಲ.

ಬೆಂಗಳೂರಿನ ಅಪ್ಪ: ನಮ್ಮವಳು ಆಟದ ಕಾರುಗಳನ್ನ ಸಾಲಾಗಿ ನಿಲ್ಲಿಸಿ "ಏಯ್, ಕಣ್ ಕಾಣಲ್ವೇನೋ?" ಅಂತ ಗದರಿಸ್ತಾಳೆ. ಸ್ಕೂಲ್ ವ್ಯಾನಿನ ಡ್ರೈವರಣ್ಣನ ಧಾಟಿ, ಕೈ ಬೀಸೋದೂ ಅವನದ್ದೇ. ಮನೆ ಒಂದನ್ನೇ ಹುಡುಕಬೇಡಿ.

ಪ್ರಶ್ನೆ ಕೇಳಿದವರು: ಈಗ ಹೊಳೀತು. ಬೀದಿನಾಯಿ ಗೇಟಿನೊಳಗೆ ಬಂದಾಗಲೆಲ್ಲ ಮೈದುನ ಹೇಳೋ ಮಾತದು! ಕೈ ಎತ್ತೋದೂ ಹಾಗೇ. ಅವರಿಗೆ ಹೇಳ್ತೀನಿ. ಸದ್ಯ ಇವನು ಹೊಡೆದ ತಕ್ಷಣ ಏನು ಮಾಡಲಿ?

ಮಂಡ್ಯದ ಅಂಗನವಾಡಿ ಕಾರ್ಯಕರ್ತೆ: ಮೊದಲು ಪೆಟ್ಟು ತಿಂದ ಮಗೂನ ಮಾತಾಡಿಸಿ. ಹೊಡೆದವನು ನೋಡ್ತಾ ಇರಲಿ. ಆಮೇಲೆ ಕುಕ್ಕರಗಾಲಲ್ಲಿ ಕೂತು ಅವನ ಕೈ ಹಿಡ್ಕೊಂಡು, ದನಿ ಏರಿಸದೆ, "ನಂಗೂ ಕೊಡು ಅಂತ ಕೇಳು" ಅನ್ನಿ, ಅಲ್ಲೇ ಕೇಳಿಸಿ. ನಮ್ಮಲ್ಲಿ ಜಗಳ ಜಾಸ್ತಿ ಆಗೋದು ಊಟಕ್ಕೆ ಮುಂಚೆ, ಹಸಿವಿಗೆ. ಅದಕ್ಕೆ ಆ ಹೊತ್ತಲ್ಲಿ ಒಂದೇ ಚೆಂಡು ಇಡಲ್ಲ, ನಾಲ್ಕೈದು ಇಡ್ತೀವಿ.