ಹಳೆ ಸಾಮಾನು ಮಾರುವ ಸೈಟ್ ಮಾಡಲು ಹೊರಟಿದ್ದೇವೆ, ಮಾಡಿ ನೋಡಿದವರು ಅನುಭವ ಹೇಳಿ

ಬದಿಯಡ್ಕದ ಹುಡುಗ:
ನಮಸ್ಕಾರ. ಕಾಸರಗೋಡು, ಮಂಜೇಶ್ವರ ತಾಲೂಕಿನವರಿಗಾಗಿ ಹಳೆ ಸಾಮಾನಿನ ಸೈಟ್ ಮಾಡಬೇಕೆಂದು ನಾನೂ ಭಾವನೂ ಹೊರಟಿದ್ದೇವೆ. ಅಡಿಕೆ ಸುಲಿಯುವ ಮೆಷಿನ್, ಮದ್ದು ಬಿಡುವ ಪಂಪು, ಕಪಾಟು, ಶಾಲೆ ಪುಸ್ತಕ, ಎಲ್ಲ ಬರಲಿ ಅಂತ. ಕೈಯಲ್ಲಿ ಮೂರು ಲಕ್ಷ ಉಂಟು. ಈಗ ಒಂದೊಂದು ಪುಟ ಹೇಗಿರಬೇಕು ಅಂತ ಕಾಗದದಲ್ಲಿ ಬರೆದು ನೋಡುತ್ತಿದ್ದೇವೆ. ಆ್ಯಪ್ ಬೇಕಾ, ಸೈಟ್ ಸಾಕಾ? ದುಡ್ಡು ನಮ್ಮ ಕೈ ದಾಟಿ ಹೋಗಬೇಕಾ? ಮಾರುವವರ ನಂಬರ್ ತೋರಿಸಬಹುದಾ?

ಕುಂಬಳೆಯವ:
ದುಡ್ಡು ಮುಟ್ಟಬೇಡಿ. ಉಳಿದದ್ದು ಹೇಗಾದರೂ ಮಾಡಿಕೊಳ್ಳಿ.

ನಾನು 2022ರಲ್ಲಿ ಇದೇ ಕೆಲಸಕ್ಕೆ ಇಳಿದವ. ಕೊಳ್ಳುವವರು ನಮ್ಮ ಕರೆಂಟ್ ಅಕೌಂಟಿಗೆ ಹಾಕಬೇಕು, ಸಾಮಾನು ಕೈಗೆ ಸಿಕ್ಕಿತು ಅಂದ ಮೇಲೆ ನಾವು ಮಾರಿದವರಿಗೆ ಕಳಿಸಬೇಕು. ಹೀಗಿದ್ದರೆ ಜನರಿಗೆ ಧೈರ್ಯ ಬರ್ತದೆ ಅಂತ ಲೆಕ್ಕ ಹಾಕಿದ್ದೆ. 61 ವ್ಯಾಪಾರ ಚಂದ ನಡೆಯಿತು. 62ನೆಯದು ಒಂದು ಇನ್ವರ್ಟರ್, ಬ್ಯಾಟರಿ ಸಮೇತ 11,400 ರೂಪಾಯಿ. ದುಡ್ಡು ಹಾಕಿದವ ಅದನ್ನು ಎಲ್ಲಿಯೋ ಒಬ್ಬರಿಗೆ ಟೋಪಿ ಹಾಕಿ ತೆಗೆದದ್ದು. ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರು. ನಮ್ಮ ಅಕೌಂಟ್ ಪೂರ್ತಿ ಬಂದ್. ಒಳಗೆ 1,83,250 ಇತ್ತು, ಅದರಲ್ಲಿ 1,40,000 ನನ್ನದಲ್ಲ, ಮಾರಿದವರದ್ದು. ಐದು ತಿಂಗಳು ಬಿಡಿಸಲು ಆಗಲಿಲ್ಲ. ಬೇರೆ ರಾಜ್ಯದ ಠಾಣೆಗೆ ಮೂರು ಸಲ ರೈಲಲ್ಲಿ ಹೋದೆ, ವಕೀಲರಿಗೆ 22,000 ಕೊಟ್ಟೆ. ಮಾರಿದವರು ಮನೆ ಬಾಗಿಲಿಗೆ ಬಂದು ಕೂತರು. ಹೆಂಡತಿಯ ಎರಡು ಬಳೆ ಅಡವಿಟ್ಟು ಕೊಟ್ಟೆ.

ಇನ್ನೊಬ್ಬರ ದುಡ್ಡು ಹೀಗೆ ಹಿಡಿದಿಟ್ಟು ಕೊಡಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕು ಅಂತ ಗೊತ್ತಾದದ್ದು ಆಮೇಲೆ. 2020ರಿಂದ ಇರುವ ನಿಯಮ. ಅರ್ಜಿ ಹಾಕುವಾಗಲೇ 15 ಕೋಟಿ ನಿವ್ವಳ ಆಸ್ತಿ ತೋರಿಸಬೇಕು. ನಮ್ಮಂಥವರ ಕೆಲಸ ಅಲ್ಲ.

ಉಪ್ಪಳದ ಅಕ್ಕ:
ನೀವು ಮಾಡಿದ ತಪ್ಪಿಗೆ ಆ ಹುಡುಗನನ್ನು ಯಾಕೆ ಹೆದರಿಸ್ತೀರಿ ಅಣ್ಣ? ಅನುಮತಿ ಇರುವ ಪೇಮೆಂಟ್ ಗೇಟ್‌ವೇ, ಅಂದರೆ ನಡುವೆ ನಿಂತು ದುಡ್ಡು ದಾಟಿಸುವ ಕಂಪೆನಿ, ಹಾಕಿದ್ದರೆ ದುಡ್ಡು ನಿಮ್ಮ ಅಕೌಂಟಿಗೇ ಬರ್ತಿರಲಿಲ್ಲ.

ನಾನು ಹೊಲಿಗೆ ಮೆಷಿನ್, ಮಿಕ್ಸಿ, ಗ್ರೈಂಡರ್ ಮಾತ್ರ ಇಟ್ಟುಕೊಂಡಿದ್ದೇನೆ. ಎರಡು ವರ್ಷ ಆಯಿತು. ಗೇಟ್‌ವೇಯವರು ನನ್ನಿಂದ ನೂರಕ್ಕೆ 2 ತೆಗೀತಾರೆ, ಆ ಎರಡರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 3,000ದ ಮೆಷಿನ್ ಹೋದರೆ 70 ರೂಪಾಯಿ 80 ಪೈಸೆ ಅವರಿಗೆ. ನಾನು 150 ಇಟ್ಟುಕೊಳ್ತೇನೆ. ಒಂದು ಮಾತ್ರ ನೆನಪಿರಲಿ, ಮಾರಿದ ದುಡ್ಡು ನಮ್ಮ ಮೂಲಕ ವಸೂಲಾದರೆ ನಮಗೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಇಷ್ಟು ಲಕ್ಷದ ತನಕ ಬೇಡ ಎನ್ನುವ ರಿಯಾಯಿತಿ ನಮಗಿಲ್ಲ. ಲೆಕ್ಕ ಬರೆಯುವವರಿಗೆ ತಿಂಗಳಿಗೆ 1,500 ಕೊಡ್ತೇನೆ. 2020ರ ಇ-ಕಾಮರ್ಸ್ ನಿಯಮದಂತೆ ದೂರು ಕೇಳುವವರ ಹೆಸರು ಸೈಟಲ್ಲಿ ಇರಬೇಕು. 48 ಗಂಟೆಯೊಳಗೆ ದೂರು ಬಂತು ಅಂತ ಉತ್ತರಿಸಬೇಕು, ತಿಂಗಳೊಳಗೆ ಮುಗಿಸಬೇಕು. ನಮ್ಮಲ್ಲಿ ಆ ಹೆಸರು ನನ್ನದೇ. ಇವತ್ತಿಗೆ ಒಂದು ದೂರೂ ಬಾಕಿ ಇಲ್ಲ.

ಕುಂಬಳೆಯವ:
ನೂರೈವತ್ತರಲ್ಲಿ 70.80 ಕಳೆದರೆ 79.20. ಅದರಲ್ಲಿ ಲೆಕ್ಕದವರ 1,500 ಹುಟ್ಟಬೇಕಾದರೆ ತಿಂಗಳಿಗೆ 19 ಮೆಷಿನ್ ಹೋಗಬೇಕು ಅಕ್ಕ. ಹೋಗ್ತದಾ?

ಉಪ್ಪಳದ ಅಕ್ಕ:
ಹೋಗ್ತದೆ. ಮೇ, ಜೂನ್‌ನಲ್ಲಿ ಮೂವತ್ತು ಹೋಗ್ತದೆ. ಲೆಕ್ಕ ನನಗೂ ಬರ್ತದೆ.

ಪೆರ್ಲದಿಂದ, ಕೋಡ್ ಬರೆಯುವವ:
ಆ್ಯಪ್ ಬೇಡ. ಮೊದಲು ಸೈಟ್. ನಾನು ಆ್ಯಪಿಂದಲೇ ಶುರು ಮಾಡಿ ನಾಲ್ಕು ತಿಂಗಳು ಹಾಳು ಮಾಡಿಕೊಂಡೆ. ಪ್ಲೇ ಸ್ಟೋರಲ್ಲಿ ಹೊಸ ವೈಯಕ್ತಿಕ ಖಾತೆಗೆ 12 ಜನ ಬಿಡದೆ 14 ದಿನ ಪರೀಕ್ಷಿಸಬೇಕು. ಮೊದಲು 20 ಜನ ಬೇಕಿತ್ತು, ನನ್ನದು ಆಗಿನ ಕಾಲ. ಚಿಕ್ಕಮ್ಮ, ದೊಡ್ಡಪ್ಪ, ಅಂಗಡಿಯವ, ಎಲ್ಲರ ಕಾಲು ಹಿಡಿದೆ. ಹದಿಮೂರನೇ ದಿನ ಇಬ್ಬರು ಬಿಟ್ಟು ಹೋದರು. ಮತ್ತೆ ಒಂದರಿಂದ ಎಣಿಕೆ.

ಆದರೆ ನಿಜವಾದ ಕೆಲಸ ಹುಡುಕುವ ಪೆಟ್ಟಿಗೆಯದ್ದು. ಅದನ್ನು ಯಾರೂ ಕೇಳುವುದಿಲ್ಲ. ನಮ್ಮೂರಲ್ಲಿ ಒಬ್ಬರು ‘ಮಂಚ’ ಅಂತ ಹಾಕ್ತಾರೆ, ಕೊಳ್ಳುವವರು ಮಲಯಾಳದಲ್ಲಿ ‘ಕಟ್ಟಿಲ್’ ಅಂತ ಹುಡುಕ್ತಾರೆ. ಇಲ್ಲಿ ಕುರ್ಚಿ, ಅಲ್ಲಿ ಕಸೇರ. ಕಪಾಟನ್ನು ‘ಅಲಮಾರ’ ಅಂತ ಹುಡುಕಿದರೆ ಸೈಟ್ ಏನೂ ಇಲ್ಲ ಅಂತ ತೋರಿಸ್ತಿತ್ತು, ಒಳಗೆ ಒಂಬತ್ತು ಕಪಾಟು ಕೂತಿದ್ದವು! ಕನ್ನಡ, ಮಲಯಾಳ, ತುಳು, ಮೇಲಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ನಾನೂ ಅಮ್ಮನೂ ಕೂತು ಒಂದೊಂದು ಸಾಮಾನಿಗೆ ಎಲ್ಲ ಹೆಸರು ಬರೆದೆವು. 412 ಸಾಲು ಆಯಿತು. ಆಮೇಲೆ ವ್ಯಾಪಾರ ಹಿಡಿಯಿತು.

ಇನ್ನೊಂದು, ಫೋಟೋ. ಫೋನಲ್ಲಿ ತೆಗೆದ ಒಂದು ಫೋಟೋ ನಾಲ್ಕೈದು ಎಂಬಿ. ಅದನ್ನು 200 ಕೆಬಿಗೆ ಇಳಿಸಿ, ಇಳಿಸುವಾಗ ಅದರೊಳಗೆ ಅಡಗಿರುವ, ಫೋಟೋ ತೆಗೆದ ಜಾಗದ ಮಾಹಿತಿ ಅಳಿಸಿ. ನಾನು ಅಳಿಸಿರಲಿಲ್ಲ. ವಿಳಾಸ ಹಾಕದ ಒಬ್ಬ ಟೀಚರ್ ಮನೆ ಅಂಗಳಕ್ಕೆ ಸಂಜೆ ಏಳಕ್ಕೆ ಒಬ್ಬ ಬಂದು ನಿಂತ. ‘ಅಡಿಕೆ ಮೆಷಿನ್ ಇದೇ ಮನೆಯಲ್ಲಿ ಅಲ್ವಾ?’ ಅಂದನಂತೆ. ಅವರು ಒಬ್ಬರೇ ಇರುವುದು. ಮರುದಿನ ನಾನೇ ಹೋಗಿ ಕ್ಷಮೆ ಕೇಳಿ ಬಂದೆ.

ಮುಳ್ಳೇರಿಯ ಗ್ರೂಪಿನವ:
ಮೂರು ಲಕ್ಷ ಸುಮ್ನೆ ಯಾಕೆ ಸುರೀತೀರಿ ಮಾರಾಯ್ರೆ? ವಾಟ್ಸಾಪ್ ಗ್ರೂಪ್ ಮಾಡಿ. ನಮ್ಮದರಲ್ಲಿ 1,024 ಜನ ಭರ್ತಿಯಾಗಿ ಎರಡನೆಯದು ಶುರುವಾಗಿದೆ. ಖರ್ಚು ಸೊನ್ನೆ.

ಪೆರ್ಲದಿಂದ, ಕೋಡ್ ಬರೆಯುವವ:
ಖರ್ಚು ಸೊನ್ನೆ ನಿಮಗೆ. ಆ 1,024 ಜನರಿಗೂ ನಮ್ಮ ಮನೆ ಹೆಂಗಸರ ನಂಬರ್ ಕಾಣ್ತದೆ. ನಮ್ಮ ಅತ್ತಿಗೆ ನಿಮ್ಮ ಗ್ರೂಪಲ್ಲಿ ಮಗುವಿನ ತೊಟ್ಟಿಲು ಹಾಕಿದರು. ರಾತ್ರಿ ಹನ್ನೊಂದಕ್ಕೆ ಫೋನ್. ಒಬ್ಬ ‘ದುಡ್ಡು ಕಳಿಸ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂದ. 2,800 ಹೋಯಿತು. ದುಡ್ಡು ಬರಲು ಪಿನ್ ಬೇಡ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಿಮ್ಮಲ್ಲಿ ಹೇಳಿದಾಗ ‘ಅಡ್ಮಿನ್ ಜವಾಬ್ದಾರರಲ್ಲ’ ಅಂತ ಉತ್ತರ.

ಮುಳ್ಳೇರಿಯ ಗ್ರೂಪಿನವ:
ಅದು ಎಲ್ಲ ಕಡೆ ಆಗುವುದು. ನಾನು ಅವನನ್ನು ತೆಗೆದು ಹಾಕಿದ್ದೇನೆ. ಪುಕ್ಕಟೆ ಕೆಲಸ ಮಾಡುವವನಿಗೆ ಇಷ್ಟು ಮಾತು ಬೇಕಾಗಿತ್ತಾ?

ಪೇಟೆಯ ಹಳೆ ಸ್ಕೂಟರ್ ಅಂಗಡಿಯವ:
ಎಲ್ಲರೂ ಮಿಕ್ಸಿ, ಮಂಚದಲ್ಲೇ ಇದ್ದೀರಿ. ನೀವು ಸ್ಕೂಟರ್ ಇಡ್ತೀರಾದರೆ ಕಾಸರಗೋಡಿನ ಕೆಎಲ್-14ಕ್ಕೂ ಮಂಗಳೂರಿನ ಕೆಎ-19ಕ್ಕೂ ಬೇರೆ ಕಾಲಂ ಮಾಡಿ. ನಾನು ಒಂದು ಕೆಎಲ್-14 ಸ್ಕೂಟರನ್ನು ತಲಪಾಡಿ ಗಡಿ ದಾಟಿ ತೊಕ್ಕೊಟ್ಟಿನವರಿಗೆ 38,000ಕ್ಕೆ ಕೊಟ್ಟೆ. ಫಾರಂ 28 ಹಾಕಿ ಇಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಎನ್ನುವ ಕಾಗದ, ತೆಗೆಯಬೇಕು, ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಸ್ಕೂಟರ್ ವಾಪಸ್ ತಂದು ನಿಲ್ಲಿಸಿದರು. ನಾನು ಪೂರ್ತಿ ದುಡ್ಡು ಕೊಟ್ಟೆ.

ಮುಳ್ಳೇರಿಯ ಗ್ರೂಪಿನವ:
ಯಾರು ಮಾಡ್ತಾರೆ ಅದೆಲ್ಲ? ಎಷ್ಟೋ ಜನ ಹಾಗೇ ಓಡಿಸ್ತಾರೆ. ಗುಜರಿ ಗಾಡಿಗೆ ಇಷ್ಟು ಕಾಗದ ಯಾಕೆ?

ಪೇಟೆಯ ಹಳೆ ಸ್ಕೂಟರ್ ಅಂಗಡಿಯವ:
ಹನ್ನೆರಡು ತಿಂಗಳು ದಾಟಿದರೆ ಅಲ್ಲಿಯ ನಂಬರ್ ಮಾಡಿಸಲೇಬೇಕು. ಮತ್ತೆ ನೀವು ನನ್ನ ಗಾಡಿಯನ್ನು ಗುಜರಿ ಅನ್ನಬೇಡಿ. ಗುಜರಿ ಅಂದರೆ ತೂಕಕ್ಕೆ ಹೋಗುವುದು. ನಾನು ಕೊಡುವುದು ಕಿಕ್ ಹೊಡೆದು, ಎಣ್ಣೆ ಬದಲಿಸಿ, ಓಡಿಸಿ ತೋರಿಸಿದ ಗಾಡಿ. ಮೂವತ್ತು ವರ್ಷದ ಅಂಗಡಿ ಇದು. ಹುಡುಗ, ನಿಮ್ಮ ಸೈಟಿನ ಹೆಸರಲ್ಲೂ ಆ ಪದ ಬೇಡ.

ಬದಿಯಡ್ಕದ ಹುಡುಗ:
ಹೆಸರಲ್ಲಿ ಅದೇ ಪದ ಇತ್ತು, ಅಣ್ಣ. ತೆಗೀತೇನೆ. ದುಡ್ಡಿನ ಪುಟವನ್ನೂ ಸದ್ಯಕ್ಕೆ ಬಿಟ್ಟೆವು. ಹತ್ತಿರದ ಸಾಮಾನು ಮೊದಲು ತೋರಿಸಲು ಪಿನ್‌ಕೋಡ್ ಸಾಕಾ?

ಪೆರ್ಲದಿಂದ, ಕೋಡ್ ಬರೆಯುವವ:
ಸಾಲದು. ನಮ್ಮದು 671, ತಲಪಾಡಿ ಆಚೆ 575. ಮಂಜೇಶ್ವರದವರಿಗೆ ತೊಕ್ಕೊಟ್ಟು ಪಕ್ಕ, ಆದರೆ ಪಿನ್‌ಕೋಡ್ ನೋಡಿದರೆ ಬೇರೆ ಲೋಕ. ನಕ್ಷೆಯಲ್ಲಿ ನೇರ ಗೆರೆ ಎಳೆದರೂ ಆಗಲ್ಲ, ಕಾಸರಗೋಡಿನ ಕಡೆ ನಡುವೆ ಚಂದ್ರಗಿರಿ ಹೊಳೆ. ಗೆರೆ ಮೂರು ಕಿಲೋಮೀಟರ್ ಅಂತದೆ, ಸೇತುವೆ ಸುತ್ತಿ ಹೋದರೆ ಹನ್ನೆರಡು. ಕಪಾಟು ತರಲು ಪಿಕಪ್ ಬಾಡಿಗೆ ಮಾತಾಡಿ ಆದ ಮೇಲೆ ಗೊತ್ತಾಗ್ತದೆ. ಊರಿನ ಹೆಸರು ಆರಿಸುವ ಪಟ್ಟಿ ಇಡಿ, ಯಾವ ಊರಿಗೆ ಯಾವುದು ಹತ್ತಿರ ಅಂತ ಕೈಯಾರೆ ಬರೆಯಿರಿ. ಭಾನುವಾರ ಪೆರ್ಲಕ್ಕೆ ಬನ್ನಿ, ಆ 412 ಸಾಲು ಕೊಡ್ತೇನೆ.

ಉಪ್ಪಳದ ಅಕ್ಕ:
ಹೊಲಿಗೆ ಮೆಷಿನಿನ ಹೆಸರುಗಳು ನನ್ನ ಹತ್ತಿರ ಬೇರೆ ಉಂಟು. ಅದನ್ನೂ ಸೇರಿಸಿ.