ಹಿತ್ತಿಲಲ್ಲಿ ಬಣ್ಣಬಣ್ಣದ ಹಕ್ಕಿ, ಯಾವುದಿದು?

ಹಿತ್ತಿಲಮನೆ: ಮೈಸೂರಿನ ನಮ್ಮ ಮನೆಗೆ ಬೆಳಗ್ಗೆಯಿಂದ ಒಂದು ಹಕ್ಕಿ ಬಂದಿದೆ. ಮೈನಾಗಿಂತ ಚಿಕ್ಕದು, ಬೆನ್ನು ಹಸಿರು, ರೆಕ್ಕೆಯಲ್ಲಿ ನೀಲಿ, ಬಾಲದ ಬುಡದಲ್ಲಿ ಕೆಂಪು, ಕಣ್ಣಿಗೆ ಅಡ್ಡ ಕಪ್ಪು ಪಟ್ಟಿ, ಬಾಲ ಮಾತ್ರ ತೀರಾ ಗಿಡ್ಡ. ನೆಲದಲ್ಲೇ ಕುಪ್ಪಳಿಸುತ್ತಾ ತರಗೆಲೆ ಕೆದಕುತ್ತಿದೆ. ಮಿಂಚುಳ್ಳಿ ಅಂತಾರೆ ಅಮ್ಮ. ನನಗ್ಯಾಕೋ ಅನುಮಾನ.

ಕಾಡುಹರಟೆ: ಮಿಂಚುಳ್ಳಿ ಅಲ್ಲವೇ ಅಲ್ಲ, ಅದರ ಕೊಕ್ಕು ಉದ್ದ, ತರಗೆಲೆ ಕೆದಕುವ ಅಭ್ಯಾಸವೂ ಅದಕ್ಕಿಲ್ಲ. ಇದು ನವರಂಗ. ಹಿಮಾಲಯದ ತಪ್ಪಲು, ಮಧ್ಯಭಾರತದ ಕಡೆ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ, ಶ್ರೀಲಂಕಾವರೆಗೂ ಬರುತ್ತದೆ. ದಾರಿಯಲ್ಲಿ ಸುಸ್ತಾಗಿ ಊರೊಳಗೆ ಇಳಿಯುವುದು ಜಾಸ್ತಿ. ನಸುಕಲ್ಲಿ, ಸಂಜೆ ಎರಡು ಸ್ವರದ ಸಿಳ್ಳೆ ಕೇಳಿಸಿದರೆ ಅದೇ.

ಹಿತ್ತಿಲಮನೆ: ಫೋಟೋ ನೋಡಿದೆ, ಅದೇ! ಕಾಳು ಹಾಕಲಾ?

ಕೆರೆದಂಡೆ: ಬೇಡ ಮಾರಾಯ್ರೇ, ಅದು ತಿನ್ನುವುದು ಹುಳ, ಎರೆಹುಳು. ಸುಮ್ನೆ ಬಿಡಿ, ತರಗೆಲೆ ಗುಡಿಸಬೇಡಿ, ಬೆಕ್ಕನ್ನು ಒಳಗಿಡಿ. ಕಿಟಕಿ ಗಾಜಿಗೆ ಬಡಿದು ಬಿದ್ದರೆ ಬಾಯಿಗೆ ನೀರು ಹೊಯ್ಯೋಕೆ ಹೋಗಬೇಡಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿ ಇಡಿ, ಚೇತರಿಸಿಕೊಂಡ ಮೇಲೆ ಹೊರಗೆ ಬಿಡಿ. ಏಳದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಾಡುಹರಟೆ: ಫೋಟೋ ತೆಗೆಯೋಕೆ ತೀರಾ ಹತ್ತಿರ ಹೋಗಬೇಡಿ, ನಾಚಿಕೆ ಜಾಸ್ತಿ ಅದಕ್ಕೆ.