ಕೊರಿಯಾದ ತಾಯಂದಿರ ಬಾಣಂತನ, ಮಕ್ಕಳ ಊಟ

ಪ್ರಶ್ನೆ (ಹಾಸನ): ಲಾಸ್ ಏಂಜಲಿಸ್‌ನಲ್ಲಿ ನನ್ನ ಮಗಳ ನೆರೆಮನೆಯಲ್ಲಿ ದಕ್ಷಿಣ ಕೊರಿಯಾದಿಂದ ಬಂದ ತಾಯಿಯೊಬ್ಬರಿದ್ದಾರೆ. ತವರಿನ ನೆರವಿಲ್ಲದ ಊರಿನಲ್ಲಿ ಇಂಥವರು ಮಕ್ಕಳ ಆರೋಗ್ಯವನ್ನು ಹೇಗೆ ನೋಡಿಕೊಳ್ಳುತ್ತಾರೆ?

ಉತ್ತರ (ಅರಸೀಕೆರೆ): ಅವರಲ್ಲೂ ನಮ್ಮಂತೆಯೇ ಬಾಣಂತನವಿದೆ. ಹೆರಿಗೆಯ ನಂತರದ 21 ದಿನಗಳನ್ನು ಸಂಪ್ರದಾಯದಂತೆ ವಿಶ್ರಾಂತಿಗೆ ಮೀಸಲಿಟ್ಟು, ಬಾಣಂತಿಗೆ ‘ಮಿಯೊಕ್‌ಗುಕ್’ ಎಂಬ ಕಡಲಕಳೆಯ ಸಾರನ್ನು ಕೊಡುತ್ತಾರೆ. ಆದರೆ ಪರದೇಶಕ್ಕೆ ಹೆತ್ತವ್ವ ಬರಲಾಗದಿದ್ದಾಗ ಅದನ್ನು ಮಾಡಿಕೊಡುವವರು ಯಾರು ಎಂಬುದೇ ನನ್ನ ಚಿಂತೆ. ತಮ್ಮ ಮಗಳು ಆಗಾಗ ಹೋಗಿ ವಿಚಾರಿಸಿದರೆ ಅದೇ ದೊಡ್ಡ ನೆರವು.

ಉತ್ತರ (ಚಿಕ್ಕಮಗಳೂರು): ಕಡಲಕಳೆಯಲ್ಲಿ ಅಯೋಡಿನ್ ಹೇರಳವಾಗಿರುವುದರಿಂದ, ಅತಿಯಾಗಿ ಸೇವಿಸಿದರೆ ಎದೆಹಾಲಿನ ಮೂಲಕ ಮಗುವಿನ ಥೈರಾಯ್ಡ್‌ಗೆ ತೊಂದರೆಯಾಗಬಹುದು, ಪ್ರಮಾಣವನ್ನು ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ಉತ್ತರ (ಸಕಲೇಶಪುರ): ಅನ್ನ, ತರಕಾರಿ, ಮೀನು, ತೋಫು (ಸೋಯಾ ಹಾಲಿನ ಪನೀರ್) ಇರುವ ಅವರ ಮನೆಯೂಟ ಮಕ್ಕಳಿಗೆ ಹಿತವಾದದ್ದೇ. ತರಕಾರಿಯನ್ನು ಹುದುಗಿಸಿ ಮಾಡುವ ‘ಕಿಮ್ಚಿ’ಯಲ್ಲಿ ಉಪ್ಪು ಹೆಚ್ಚಿರುವುದರಿಂದ ಚಿಕ್ಕವರಿಗೆ ಸ್ವಲ್ಪವೇ ಸಾಕು.